ಬಿರುಗಾಳಿಗೆ ಕಾವಲಿದ್ದ ಕಪ್ತಾನ

ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಕೇಳದ ವಿದ್ಯಾರ್ಥಿ ಇರಲಾರ. ಅವನನ್ನು ಭೂಮಂಡಲದ ಸುತ್ತ ಕರೆದೊಯ್ದ ಬೀಗಲ್ ನೌಕೆಯ ಹೆಸರೂ ಹಲವರಿಗೆ ಗೊತ್ತು. ಆದರೆ ಆ ನೌಕೆಯನ್ನು ಮುಳುಗದಂತೆ ಕಾಯ್ದು ಮರಳಿ ತಂದ ಕಪ್ತಾನ ರಾಬರ್ಟ್ ಫಿಟ್ಜ್‌ರಾಯ್‌ನನ್ನು ನೆನೆಯುವವರು ವಿರಳ. ಮಂಡ್ಯದ ವಿ.ಸಿ. ಫಾರಂನಂಥ ಕಡಲು ಕಾಣದ ನೆಲದಲ್ಲಿ ಕುಳಿತು ಈ ನಾವಿಕನ ಬಾಳನ್ನು ಬರೆಯಲು ನನಗೆ ಕಾರಣವಿದೆ. ನಾಳೆಯ ಗಾಳಿಮಳೆಗಳ ಸುದ್ದಿಯನ್ನು ಇಂದೇ ಜನರಿಗೆ ಮುಟ್ಟಿಸಬೇಕೆಂಬ ಪದ್ಧತಿ ಇಲ್ಲಿನ ಬತ್ತದ ಗದ್ದೆಯವರೆಗೂ ಹರಿದುಬಂದಿದೆ. ಅದರ ಮೂಲಪುರುಷರಲ್ಲಿ ಇವನು ಅಗ್ರಗಣ್ಯ.

ಫಿಟ್ಜ್‌ರಾಯ್ ಹುಟ್ಟಿದ್ದು 1805ರ ಜುಲೈ 5ರಂದು, ಇಂಗ್ಲೆಂಡಿನ ಸಫೋಕ್ ಪ್ರಾಂತದ ದೊಡ್ಡ ಮನೆತನವೊಂದರಲ್ಲಿ. 12ರ ಪ್ರಾಯದಲ್ಲಿಯೇ ಅವನು ನೌಕಾ ವಿದ್ಯಾಲಯವನ್ನು ಸೇರಿದ. 1828ರಲ್ಲಿ ದಕ್ಷಿಣ ಅಮೆರಿಕದ ತುದಿಯ ಕರಾವಳಿಯನ್ನು ಅಳೆಯುತ್ತಿದ್ದ ಬೀಗಲ್‌ನ ಅಂದಿನ ಕಪ್ತಾನ ಮನಸ್ಸು ಕುಗ್ಗಿ ಗುಂಡು ಹಾರಿಸಿಕೊಂಡು ಸತ್ತ. ಆ ಸ್ಥಾನಕ್ಕೆ ಬಂದಾಗ ಫಿಟ್ಜ್‌ರಾಯ್‌ಗೆ ಕೇವಲ 23 ವರ್ಷ. ಹೊಸ ಕಪ್ತಾನನಿಗೆ ಕಡಲು ಬೇಗನೆ ಪಾಠ ಕಲಿಸಿತು. 1829ರ ಜನವರಿಯಲ್ಲಿ, ಮಾಲ್ಡೊನಾಡೊ ತೀರದ ಬಳಿ, ವಾಯುಭಾರಮಾಪಕದ ಪಾದರಸ ಇಳಿಯಿತು. ಎಚ್ಚರಿಕೆ ಕಣ್ಣೆದುರಿಗೇ ಇತ್ತು. ಹಾಯಿಗಳನ್ನು ಸಕಾಲದಲ್ಲಿ ಇಳಿಸುವುದು ಆಗಲಿಲ್ಲ. ಒಳನಾಡಿನ ಬಯಲಿನಿಂದ ಎರಗಿದ ಬಿರುಗಾಳಿ ನೌಕೆಯನ್ನು ಮಗುಚುವಷ್ಟು ವಾಲಿಸಿತು. ಇಬ್ಬರು ನಾವಿಕರು ಕಡಲ ಪಾಲಾದರು. ಪಾದರಸದ ಮಾತನ್ನು ಲಕ್ಷಿಸಲಿಲ್ಲವೆಂಬ ನೋವನ್ನು ಅವನು ಮರೆಯಲಿಲ್ಲ.

1831ರ ಡಿಸೆಂಬರ್ 27ರಿಂದ 1836ರ ಅಕ್ಟೋಬರ್ 2ರವರೆಗೆ ನಡೆದ ಎರಡನೆಯ ಯಾನದಲ್ಲಿ ಡಾರ್ವಿನ್ ಜೊತೆಗಿದ್ದ. ಸುಮಾರು 27 ಮೀಟರ್ ಉದ್ದದ ಆ ನೌಕೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಬಾಳಬೇಕಾಗಿತ್ತು. ನೆಲದ ಮೇಲಿನವನು ಗಾಳಿ ಎದ್ದರೆ ಬಾಗಿಲು ಮುಚ್ಚಿಕೊಳ್ಳುತ್ತಾನೆ. ಹಡಗೇ ಮನೆಯಾದವನಿಗೆ ಓಡಿಹೋಗಲು ಬೇರೊಂದು ಮನೆಯಿಲ್ಲ. ಆದುದರಿಂದ ಅಲ್ಲಿ ಆಕಾಶವನ್ನು ನೋಡುವುದು ನಿತ್ಯಕರ್ಮವಾಯಿತು. ಗಾಳಿಯ ಬಲವನ್ನು ಸೊನ್ನೆಯಿಂದ 12ರವರೆಗಿನ ಬ್ಯೂಫರ್ಟ್ ಅಂಕಿಗಳಲ್ಲಿ ದಿನಚರಿಗೆ ಬರೆದುಕೊಂಡರು. ಪಾದರಸ ಎಷ್ಟು ಇಳಿಯಿತೆಂಬುದು ಮಾತ್ರವಲ್ಲ, ಎಷ್ಟು ವೇಗವಾಗಿ ಇಳಿಯಿತು, ಗಾಳಿ ಯಾವ ದಿಕ್ಕಿಗೆ ತಿರುಗಿತು, ಶಾಖ ಹೇಗೆ ಬದಲಾಯಿತು ಎಂಬುದನ್ನೆಲ್ಲ ಕೂಡಿಸಿ ಓದಬೇಕೆಂಬುದು ಫಿಟ್ಜ್‌ರಾಯ್ ಕಂಡುಕೊಂಡ ಸೂತ್ರ. 1833ರ ಜನವರಿ 13ರಂದು ಕೇಪ್ ಹಾರ್ನ್ ಬಳಿ ಮೂರು ಮಹಾತರಂಗಗಳು ಒಂದರ ಹಿಂದೊಂದು ಬಂದೆರಗಿದಾಗ ಮೂರನೆಯದು ನೌಕೆಯನ್ನು ಪಕ್ಕಕ್ಕೆ ಮಲಗಿಸಿತು. ಒಂದು ದೋಣಿ ಹೋಯಿತು. ಆದರೆ ಹಾಯಿಗಳನ್ನು ಮೊದಲೇ ಕುಗ್ಗಿಸಿದ್ದ ಬೀಗಲ್ ಮತ್ತೆ ಎದ್ದು ನಿಂತಿತು.

ಮುಂದೆ ಅವನು ಪಾರ್ಲಿಮೆಂಟಿನ ಸದಸ್ಯನಾದ. ನ್ಯೂಜಿಲೆಂಡಿನ ಗವರ್ನರನಾಗಿ ಹೋಗಿ, ಅಲ್ಲಿಂದ ಹಿಂದಕ್ಕೆ ಕರೆಸಿಕೊಳ್ಳಲ್ಪಟ್ಟ. 1854ರಲ್ಲಿ ಬ್ರಿಟಿಷ್ ಸರ್ಕಾರ ಸಮುದ್ರದ ಹವಾಮಾನದ ಅಂಕಿ ಅಂಶಗಳನ್ನು ಕಲೆಹಾಕಲು ಪುಟ್ಟ ಕಚೇರಿಯೊಂದನ್ನು ತೆರೆದು ಅವನಿಗೆ ಒಪ್ಪಿಸಿತು. ಅಂಕಿಗಳನ್ನು ಕೂಡಿಡುವುದಷ್ಟೇ ಅವನಿಗೆ ವಿಧಿಸಿದ್ದ ಕೆಲಸ. ಆದರೆ 1859ರ ಅಕ್ಟೋಬರ್ ಕೊನೆಯ ಬಿರುಗಾಳಿಯಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ತೀರದ ಸಮೀಪದಲ್ಲೇ ಒಡೆದು ಸುಮಾರು 450 ಜನ ಸತ್ತಾಗ ಫಿಟ್ಜ್‌ರಾಯ್‌ಗೆ ಸುಮ್ಮನಿರಲಾಗಲಿಲ್ಲ. ಬಿರುಗಾಳಿಗಿಂತ ತಂತಿ ವೇಗವಾಗಿ ಓಡುತ್ತದೆ. ಒಂದು ತೀರದ ವಾರ್ತೆ ಇನ್ನೊಂದು ತೀರವನ್ನು ಏಕೆ ಉಳಿಸಬಾರದು? 1861ರ ಫೆಬ್ರವರಿಯಿಂದ ಬಂದರುಗಳಲ್ಲಿ ಶಂಕು ಹಾಗೂ ಡೋಲಿನ ಆಕಾರದ ಸಂಜ್ಞೆಗಳು ಕಂಬವೇರಿದುವು. ಅದೇ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವನ ಮೊದಲ ಹವಾಮಾನ ಮುನ್ಸೂಚನೆ ಅಚ್ಚಾಯಿತು.

ಭವಿಷ್ಯವನ್ನು ನುಡಿಯುತ್ತೇನೆಂದು ಅವನು ಎಂದೂ ಹೇಳಿಕೊಳ್ಳಲಿಲ್ಲ. ಆದರೂ ಸೂಚನೆ ತಪ್ಪಿದ ದಿನ ಪತ್ರಿಕೆಗಳು ನಕ್ಕವು, ವಿದ್ವಾಂಸರು ಹೀಗಳೆದರು. ಬಿರುಗಾಳಿ ಬಾರದ ದಿನ ಹಡಗನ್ನು ಕಟ್ಟಿಹಾಕಿದವನ ನಷ್ಟ ಲೆಕ್ಕಕ್ಕೆ ಸಿಕ್ಕುತ್ತದೆ. ಎಚ್ಚರಿಕೆಯನ್ನು ಕಂಡು ದಡದಲ್ಲೇ ಉಳಿದು ಬದುಕಿದವರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಕಾವಲುಗಾರನ ದುರ್ದೈವವೇ ಇದೆಂದು ನನಗೆ ತೋರುತ್ತದೆ. ಕೈಯ ಹಣ ಕರಗಿ, ಆರೋಗ್ಯ ಕೆಟ್ಟು, ಮನಸ್ಸು ಬಳಲಿದ ಫಿಟ್ಜ್‌ರಾಯ್ 1865ರ ಏಪ್ರಿಲ್ 30ರಂದು ತನ್ನ ಕೈಯಿಂದಲೇ ಪ್ರಾಣ ನೀಗಿದ. ಉಳಿದ ಸಂಸಾರಕ್ಕಾಗಿ ಸ್ನೇಹಿತರು ನಿಧಿ ಕೂಡಿಸಿದರು. ಮತಭೇದದಿಂದ ದೂರವಾಗಿದ್ದ ಡಾರ್ವಿನ್ನನೂ 100 ಪೌಂಡು ಕೊಟ್ಟ.

1866ರ ಕೊನೆಯಲ್ಲಿ ಬಿರುಗಾಳಿಯ ಸಂಜ್ಞೆಗಳನ್ನು ನಿಲ್ಲಿಸಲಾಯಿತು. ಆಗ ಅವುಗಳ ಬೆಲೆ ತಿಳಿದಿದ್ದ ನಾವಿಕರೇ ಅವು ಬೇಕೆಂದು ಒತ್ತಾಯಿಸಿದರು. 1867ರಲ್ಲಿ ಅವು ಮತ್ತೆ ಬಂದುವು. ನಮ್ಮ ದೇಶದಲ್ಲಿ 1864ರ ಕಲ್ಕತ್ತದ ಚಂಡಮಾರುತ ಇದೇ ಪಾಠವನ್ನು ಕಲಿಸಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಮಂಗಳೂರು, ಕಾರವಾರಗಳ ಮೀನುಗಾರರು ದೋಣಿ ಇಳಿಸುವ ಮುನ್ನ ಕೇಳುವ ಎಚ್ಚರಿಕೆಯೂ ಇದೇ ವಂಶದ್ದು.

ಇನ್ನು ವಿ.ಸಿ. ಫಾರಂನ ಮಾತು. ಇಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರನ್ನು ಲೆಕ್ಕ ಹಾಕಿ ಹರಿಸಬಹುದು. ತೆನೆ ಬಾಗಿದ ಗದ್ದೆಯ ಮೇಲೆ ಬೀಳುವ ಮಳೆಗೆ ತೂಬಿಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಕೊಯ್ದ ಬತ್ತ ನೆನೆಯುತ್ತದೆ. ಎರಡು ದಿನ ಕೊಯ್ಲನ್ನು ತಡೆದ ರೈತ, ಮಳೆ ಬಾರದಿದ್ದರೆ, ಮುನ್ಸೂಚನೆಯನ್ನು ಬೈಯುವುದು ಸಹಜವೇ. ಆದರೆ ಹಾಯಿಯನ್ನು ಇಳಿಸಬೇಕಾದುದು ಬಿರುಗಾಳಿ ಕಣ್ಣಿಗೆ ಕಾಣುವ ಮುನ್ನವೇ. ಕಂಡ ಮೇಲೆ ಇಳಿಸಲು ಹೊತ್ತಿರುವುದಿಲ್ಲ. ಅನಗತ್ಯವಾಗಿ ಇಳಿಸಿದ ಹಾಯಿಯನ್ನು ಮರುದಿನ ಏರಿಸಬಹುದು. ಮುಳುಗಿದ ನಾವಿಕನನ್ನು ಎಬ್ಬಿಸಲಾಗದು.

2002ರಲ್ಲಿ ಬ್ರಿಟಿಷ್ ಹವಾಮಾನ ಇಲಾಖೆ ತನ್ನ ಸಮುದ್ರ ಮುನ್ಸೂಚನೆಯ ಒಂದು ವಲಯಕ್ಕೆ ಫಿಟ್ಜ್‌ರಾಯ್ ಎಂದು ಹೆಸರಿಟ್ಟಿತು. ಅಲ್ಲಿ ಸಾಗುವ ನಾವಿಕರು ಗಾಳಿಯ ಸುದ್ದಿಯೊಡನೆ ಆ ಹೆಸರನ್ನೂ ಕೇಳುತ್ತಾರೆ.