ಸೆಮಿನರಿ ಬಿಟ್ಟ ಹುಡುಗ, ಹೈಸ್ಕೂಲಿನ ಕೋಚ್

ಮಗನೊಬ್ಬ ಸೆಮಿನರಿಗೆ ಸೇರಿದನೆಂದರೆ ಕಾರ್ಕಳ, ಅತ್ತೂರು, ಮಿಯ್ಯಾರು ಕಡೆಯ ನಮ್ಮ ಕಥೋಲಿಕ ಮನೆಗಳಲ್ಲಿ ಅದೊಂದು ಹಬ್ಬ. ಅದೇ ಮಗ ಮೂರು ನಾಲ್ಕು ವರ್ಷಗಳ ಬಳಿಕ ಪೆಟ್ಟಿಗೆ ಹಿಡಿದು ಮರಳಿ ಬಂದನೆಂದರೆ ಮನೆಯಲ್ಲಿ ಮಾತು ತಗ್ಗುತ್ತದೆ. ಆದಿತ್ಯವಾರದ ಬಲಿಪೂಜೆ ಮುಗಿದು ಇಗರ್ಜಿಯ ಅಂಗಳಕ್ಕೆ ಇಳಿದಾಗ ನೆರೆಯವರು ಕೇಳುವ ಪ್ರಶ್ನೆಗೆ ತಾಯಿಯಾದವಳು ಏನೆಂದು ಉತ್ತರಿಸಬೇಕು? ದೇವರ ಕರೆ ತಪ್ಪಿತೇ, ಹುಡುಗನೇ ತಪ್ಪಿದನೇ ಎಂಬ ಚರ್ಚೆ ಊರಿನಲ್ಲಿ ಬಹುಕಾಲ ನಡೆಯುತ್ತದೆ. ಹೀಗೆ ಮರಳಿ ಬಂದ ಹುಡುಗರಲ್ಲೊಬ್ಬರು ಅಮೆರಿಕದ ವಿನ್ಸ್ ಲೊಂಬಾರ್ಡಿ. ಅಲ್ಲಿನ ಫುಟ್ಬಾಲ್ ಲೋಕದ ಅತ್ಯುನ್ನತ ಪ್ರಶಸ್ತಿಗೆ ಇಂದು ಅವರದೇ ಹೆಸರಿದೆ. ಆದರೆ ಆ ಕೀರ್ತಿಗಿಂತ ಹೆಚ್ಚಾಗಿ, ಒಂದು ಸಣ್ಣ ಇಗರ್ಜಿ ಶಾಲೆಯಲ್ಲಿ ಅವರು ಕಳೆದ ಎಂಟು ವರ್ಷಗಳು ನಮ್ಮ ಕುಟುಂಬಗಳಿಗೆ ಹತ್ತಿರವೆನಿಸುತ್ತವೆ.

1913ರ ಜೂನ್ 11ರಂದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ, ಇಟಲಿ ಮೂಲದ ಕುಟುಂಬವೊಂದರಲ್ಲಿ ಅವರು ಜನಿಸಿದರು. ತಂದೆ ಹ್ಯಾರಿ ಮಾಂಸದ ವ್ಯಾಪಾರಿ, ತಾಯಿ ಮಟಿಲ್ಡಾ. ಐವರು ಮಕ್ಕಳಲ್ಲಿ ಇವರೇ ಹಿರಿಯರು. ಬಾಲ್ಯದಲ್ಲಿಯೇ ಬಲಿಪೀಠದ ಸೇವೆಗೆ ನಿಂತ ವಿನ್ಸೆಂಟ್, 15ನೆಯ ವಯಸ್ಸಿನಲ್ಲಿ ಗುರುವಾಗುವ ಆಸೆಯಿಂದ ಬ್ರೂಕ್ಲಿನ್ ಧರ್ಮಪ್ರಾಂತದ ಕಿರಿಯ ಸೆಮಿನರಿಯನ್ನು ಸೇರಿದರು. ಅಲ್ಲಿನ ವ್ಯಾಸಂಗ ಆರು ವರ್ಷಗಳದು. ನಾಲ್ಕು ವರ್ಷ ಕಳೆದ ಮೇಲೆ ಈ ದಾರಿ ತನ್ನದಲ್ಲವೆಂದು ಅರಿತು ಹೊರಬಂದರು. ಬಳಿಕ ಸೇಂಟ್ ಫ್ರಾನ್ಸಿಸ್ ಶಾಲೆಯಲ್ಲಿ ಒಂದು ವರ್ಷ ಓದಿ ಆಡಿ, 1933ರಲ್ಲಿ ಯೇಸುಸಭೆಯ ಗುರುಗಳು ನಡೆಸುವ ಫೋರ್ಡಂ ವಿಶ್ವವಿದ್ಯಾನಿಲಯಕ್ಕೆ ಫುಟ್ಬಾಲ್ ವಿದ್ಯಾರ್ಥಿವೇತನದ ಮೇಲೆ ಪ್ರವೇಶ ಪಡೆದರು.

ಇಲ್ಲಿ ಒಂದು ಮಾತು. ಅಮೆರಿಕದವರು ಫುಟ್ಬಾಲ್ ಎನ್ನುವುದು ನಮ್ಮ ಹುಡುಗರು ಕಾಲಿನಿಂದ ಒದ್ದು ಆಡುವ ಆಟವನ್ನಲ್ಲ. ಅಲ್ಲಿಯ ಚೆಂಡು ಎರಡೂ ತುದಿ ಚೂಪಾದದ್ದು; ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಪ್ರತಿ ತಂಡದಲ್ಲಿ ಹನ್ನೊಂದು ಮಂದಿ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಆದ್ದರಿಂದ ಚೆಂಡು ಹಿಡಿದವನಿಗಿಂತಲೂ ಅವನಿಗೆ ದಾರಿ ಬಿಡಿಸುವ ಮುಂಚೂಣಿಯವರ ಕೆಲಸ ಕಠಿಣ. ಆದರೆ ಚಪ್ಪಾಳೆ ಅವರಿಗೆ ಬೀಳುವುದಿಲ್ಲ. ಲೊಂಬಾರ್ಡಿಯವರು ಆಡಿದ್ದು ಇದೇ ಮುಂಚೂಣಿಯಲ್ಲಿ. ಎತ್ತರ ಐದು ಅಡಿ ಎಂಟು ಅಂಗುಲ ಮಾತ್ರ. ಆದರೂ 1936ರ ಫೋರ್ಡಂ ಮುಂಚೂಣಿಯ ಏಳು ಮಂದಿಗೆ ಪತ್ರಿಕೆಗಳು ಕಗ್ಗಲ್ಲಿನ ಬಿರುದು ಕೊಟ್ಟಾಗ ಅವರಲ್ಲಿ ಇವರೂ ಒಬ್ಬರಾಗಿದ್ದರು.

1937ರಲ್ಲಿ ಪದವಿ ದೊರೆಯಿತು. ದೇಶದಲ್ಲಿ ಆರ್ಥಿಕ ಮುಗ್ಗಟ್ಟು ಇನ್ನೂ ನೀಗಿರಲಿಲ್ಲ. ಕಾನೂನು ಓದಲು ಹೋಗಿ ಕೈಬಿಟ್ಟರು. ಸೆಮಿನರಿ ಬಿಟ್ಟವನು, ವಕೀಲಿಯನ್ನೂ ಬಿಟ್ಟವನು ಎಂಬ ಹಣೆಪಟ್ಟಿಗೆ ಇಷ್ಟು ಸಾಕಲ್ಲವೇ? 1939ರಲ್ಲಿ, ಫೋರ್ಡಂನ ಜೊತೆಗಾರ ಆಂಡಿ ಪಲಾವ್ ಅವರು ನ್ಯೂಜೆರ್ಸಿ ರಾಜ್ಯದ ಎಂಗಲ್‌ವುಡ್‌ನ ಸೇಂಟ್ ಸಿಸಿಲಿಯಾ ಹೈಸ್ಕೂಲಿಗೆ ಇವರನ್ನು ಸಹಾಯಕ ಕೋಚ್ ಆಗಿ ಕರೆದರು. ಅದು ಕಾರ್ಮೆಲ್ ಸಭೆಯ ಗುರುಗಳ ವಶದಲ್ಲಿದ್ದ ಇಗರ್ಜಿಯ ಶಾಲೆ. ವರ್ಷದ ಸಂಬಳ 1,000 ಡಾಲರಿಗೂ ಕಡಿಮೆ. ಅಷ್ಟಕ್ಕೆ ಕೋಚ್ ಕೆಲಸದ ಜೊತೆಗೆ ಲ್ಯಾಟಿನ್, ರಸಾಯನಶಾಸ್ತ್ರ, ಭೌತಶಾಸ್ತ್ರ ಪಾಠಗಳನ್ನೂ ಹೇಳಬೇಕಿತ್ತು. ಮರುವರ್ಷ ಮರೀ ಪ್ಲಾನಿಟ್ಜ್ ಅವರನ್ನು ಇಗರ್ಜಿಯಲ್ಲಿ ವಿವಾಹವಾದರು.

ಸಣ್ಣ ಶಾಲೆಯಲ್ಲಿ ಕಲಿಸಿದವರಿಗೆ ಇದರ ಕಷ್ಟ ಗೊತ್ತು. ಬೆಳಗ್ಗೆ ತರಗತಿಯಲ್ಲಿ ಸೂತ್ರ ಬಿಡಿಸಿದ ಹುಡುಗನನ್ನೇ ಸಂಜೆ ಬಯಲಿನಲ್ಲಿ ಓಡಿಸಬೇಕು. ಆರಿಸಿಕೊಳ್ಳಲು ಹೆಚ್ಚು ಹುಡುಗರಿಲ್ಲ, ಇದ್ದವರನ್ನೇ ತಿದ್ದಬೇಕು. ಲೊಂಬಾರ್ಡಿಯವರು ತರಗತಿಯ ಕ್ರಮವನ್ನೇ ಬಯಲಿಗೂ ತಂದರು. ಹಿಂದಿನ ಬೆಂಚಿನ ಹುಡುಗನಿಗೆ ಅರ್ಥವಾಗುವ ತನಕ ಪಾಠ ಮುಂದೆ ಸಾಗದು. ತಂಡದ ಅತ್ಯಂತ ನಿಧಾನಿಗೆ ಒಂದು ನಡೆ ಮೈಗೂಡುವ ತನಕ ಇನ್ನೊಂದು ನಡೆಯ ಮಾತಿಲ್ಲ. ಕಲಿಸಿದ ನಡೆಗಳು ಕೆಲವೇ. ಆ ಕೆಲವನ್ನು ನೂರು ಸಲ ಮಾಡಿಸುವರು. ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದಷ್ಟೇ ಅಲ್ಲ, ತಾವೇ ಎದುರು ನಿಂತು ಹುಡುಗರ ಡಿಕ್ಕಿಗೆ ಮೈಯೊಡ್ಡುವರು. ಧ್ವನಿ ಗುಡುಗು. ಸಿಟ್ಟು ಬಂದರೆ ಎದುರಿದ್ದವರ ಪಾಡು ಬೇಡ. ಮರುಗಳಿಗೆಯಲ್ಲಿ ಅದೇ ಹುಡುಗನ ಹೆಗಲ ಮೇಲೆ ಕೈ. ಶಾಲೆಯ ಕ್ರೀಡಾ ಮೇಲ್ವಿಚಾರಕರಾಗಿದ್ದ ಫಾದರ್ ಟಿಮ್ ಮೂರ್ ಅವರು ಲೊಂಬಾರ್ಡಿಯವರ ಆಪ್ತಮಿತ್ರರು. ಪ್ರತಿದಿನ ಬಲಿಪೂಜೆಯಲ್ಲಿ ಭಾಗವಹಿಸುವ ರೂಢಿಯನ್ನು ಸೆಮಿನರಿ ಬಿಟ್ಟರೂ ಅವರು ಬಿಡಲಿಲ್ಲ.

1942ರಲ್ಲಿ ಪಲಾವ್ ಫೋರ್ಡಂಗೆ ತೆರಳಿದರು; ತಂಡದ ಪೂರ್ಣ ಹೊಣೆ ಲೊಂಬಾರ್ಡಿಯವರ ಮೇಲೆ ಬಿತ್ತು. ಅದು ಯುದ್ಧಕಾಲ. ಹೈಸ್ಕೂಲು ಮುಗಿಸಿದ ಹುಡುಗ ಮರುವರ್ಷ ಸೈನ್ಯದ ಸಮವಸ್ತ್ರದಲ್ಲಿರುವ ದಿನಗಳು. ಮನೆಮನೆಯ ತಾಯಂದಿರೂ ಅದನ್ನು ಬಲ್ಲರು. ಅಂತಹ 1943ರ ಋತುವಿನಲ್ಲಿ ಈ ಸಣ್ಣ ಶಾಲೆ ತನಗಿಂತ ದೊಡ್ಡ ಶಾಲೆಗಳನ್ನು ಒಂದೊಂದಾಗಿ ಎದುರಿಸಿ ಸೋಲರಿಯದೆ ನಡೆಯಿತು. ಯೇಸುಸಭೆಯವರ ಬ್ರೂಕ್ಲಿನ್ ಪ್ರೆಪ್ ಶಾಲೆ ಅಂದು ಪೂರ್ವ ಅಮೆರಿಕದ ಬಲಾಢ್ಯ ತಂಡಗಳಲ್ಲೊಂದು. ಲೊಂಬಾರ್ಡಿಯವರ ಹುಟ್ಟೂರಿನದೇ ಶಾಲೆ. ಅದನ್ನೂ ಸೇಂಟ್ ಸಿಸಿಲಿಯಾದ ಹುಡುಗರು ಸೋಲಿಸಿದರು. ಆ ವರ್ಷ ದೇಶದ ಅಗ್ರಗಣ್ಯ ಹೈಸ್ಕೂಲು ತಂಡವೆಂಬ ಮನ್ನಣೆ ದೊರೆಯಿತು. ಸತತ 32 ಪಂದ್ಯಗಳಲ್ಲಿ ಸೋಲಿಲ್ಲದ ದಾಖಲೆ, ಆರು ಬಾರಿ ರಾಜ್ಯದ ಖಾಸಗಿ ಶಾಲೆಗಳ ಚಾಂಪಿಯನ್ ಪಟ್ಟ, ಇವೆಲ್ಲ ಆ ವರ್ಷಗಳ ಗಳಿಕೆ. ಬಾಸ್ಕೆಟ್‌ಬಾಲ್ ತಂಡವನ್ನೂ ಅವರಿಗೇ ವಹಿಸಿದ್ದರು. ಅಷ್ಟೇನೂ ಗೊತ್ತಿರದ ಆ ಆಟವನ್ನು ಕಲಿತು ಕಲಿಸಿ 1945ರಲ್ಲಿ ಅದರಲ್ಲಿಯೂ ಪ್ರಶಸ್ತಿ ತಂದರು.

ಶಾಲೆಯ ಮೇಷ್ಟರೇ ದೊಡ್ಡ ಕೋಚ್ ಆದ ನಿದರ್ಶನ ನಮ್ಮ ದೇಶದಲ್ಲಿಯೂ ಇದೆ. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಫುಟ್ಬಾಲ್ ಸ್ವರ್ಣ ತಂದಿತ್ತ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರೂ ಮೊದಲು ಶಾಲಾ ಅಧ್ಯಾಪಕರೇ.

1947ರಲ್ಲಿ ಲೊಂಬಾರ್ಡಿಯವರು ಸೇಂಟ್ ಸಿಸಿಲಿಯಾ ಬಿಟ್ಟರು. ಮುಂದಿನ ಹನ್ನೆರಡು ವರ್ಷ ಫೋರ್ಡಂನಲ್ಲಿ, ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ, ನ್ಯೂಯಾರ್ಕ್ ಜಯಂಟ್ಸ್ ತಂಡದಲ್ಲಿ ಯಾರದೋ ಕೈಕೆಳಗಿನ ಸಹಾಯಕರಾಗಿ ಕಳೆದವು. ಮುಖ್ಯ ಕೋಚ್ ಹುದ್ದೆಗೆ ಹಲವೆಡೆ ಅರ್ಜಿ ಹಾಕಿದರೂ ಕರೆ ಬರಲಿಲ್ಲ. ತಮ್ಮ ಇಟಾಲಿಯನ್ ಹೆಸರೇ ಅಡ್ಡಿಯಾಯಿತೆಂಬ ನೋವು ಅವರಲ್ಲಿತ್ತು. ಕಡೆಗೆ 1959ರಲ್ಲಿ, 45ನೆಯ ವಯಸ್ಸಿನಲ್ಲಿ, ಹಿಂದಿನ ಋತುವಿನಲ್ಲಿ ಒಂದೇ ಒಂದು ಪಂದ್ಯ ಗೆದ್ದಿದ್ದ ಗ್ರೀನ್ ಬೇ ಪ್ಯಾಕರ್ಸ್ ತಂಡ ಅವರ ಕೈಗೆ ಬಂತು. 1961, 1962, 1965, 1966, 1967: ಐದು ಬಾರಿ ಆ ತಂಡ ರಾಷ್ಟ್ರೀಯ ಲೀಗಿನ ಚಾಂಪಿಯನ್ ಆಯಿತು. ಹಳೆಯ ನೋವನ್ನು ಅವರು ಮರೆತಿರಲಿಲ್ಲ. ತಮ್ಮ ಕರಿಯ ಆಟಗಾರರಿಗೆ ಬಡಿಸದ ಹೋಟೆಲು ಇಡೀ ತಂಡಕ್ಕೆ ನಿಷಿದ್ಧವೆಂದು ಸಾರಿದರು. ಗ್ರೀನ್ ಬೇಯ ಸೇಂಟ್ ವಿಲಿಬ್ರೋರ್ಡ್ ಇಗರ್ಜಿಯಲ್ಲಿ ದಿನದ ಬಲಿಪೂಜೆ ಮುಗಿಸಿಯೇ ಕೆಲಸಕ್ಕೆ ಹೋಗುವರು. ದೇಶವೇ ಬಲ್ಲ ಆ ಮನುಷ್ಯ ಅಲ್ಲಿ ಹುಡುಗನಂತೆ ಬಲಿಪೀಠದ ಸೇವೆಗೂ ನಿಲ್ಲುವರು.

ಗೆಲುವನ್ನೇ ಸರ್ವಸ್ವವೆಂದು ಹೊಗಳುವ ಮಾತೊಂದನ್ನು ಜನ ಅವರ ಹೆಸರಿಗೆ ಅಂಟಿಸಿದ್ದಾರೆ. ಅದನ್ನು ಮೊದಲು ಆಡಿದವರು ಅವರಲ್ಲ, ಬೇರೊಬ್ಬ ಕೋಚ್. ಹಾಗೆಂದು ಅವರನ್ನು ಸಂತರನ್ನಾಗಿ ಮಾಡಬೇಕಾಗಿಯೂ ಇಲ್ಲ. ಬೇರೆಯವರ ಮಕ್ಕಳಿಗೆ ಕೊಟ್ಟ ಸಮಯವನ್ನು ಮಗ ವಿನ್ಸೆಂಟ್, ಮಗಳು ಸೂಸನ್ ಇವರಿಗೆ ಅವರು ಕೊಡಲಿಲ್ಲ. ಋತು ಆರಂಭವಾದರೆ ಮನೆಯ ಊಟದ ಮೇಜಿನಲ್ಲಿಯೂ ಅವರ ಮನಸ್ಸು ಬಯಲಿನಲ್ಲಿರುತ್ತಿತ್ತು. ಪತ್ನಿ ಮರೀ ಆ ಒಂಟಿತನವನ್ನು ವರ್ಷಾನುವರ್ಷ ಹೊತ್ತರು. ದೇವರು, ಕುಟುಂಬ, ಆಮೇಲೆ ತಂಡ ಎಂಬ ಕ್ರಮವನ್ನು ಆಟಗಾರರಿಗೆ ಬೋಧಿಸಿದವರ ಮನೆಯಲ್ಲಿಯೇ ನಡುವಿನದು ಹಿಂದೆ ಬಿದ್ದಿತ್ತು. ಇಗರ್ಜಿಯ ಎಲ್ಲ ಕೆಲಸಕ್ಕೂ ಮುಂದಾಗಿ ಮನೆಗೆ ತಡವಾಗಿ ಬರುವ ನಮ್ಮ ತಂದೆಯರಿಗೆ ಇದು ಹೊಸ ಸಂಗತಿಯೇನಲ್ಲ.

1969ರಲ್ಲಿ ಅವರು ವಾಷಿಂಗ್ಟನ್ ತಂಡದ ಹೊಣೆ ಹೊತ್ತರು. ಮರುವರ್ಷ ಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಯೇಸುಸಭೆಯವರದೇ ಆದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ 1970ರ ಸೆಪ್ಟೆಂಬರ್ 3ರಂದು, 57ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಪ್ರಧಾನಾಲಯದ ಅಂತ್ಯಸಂಸ್ಕಾರದ ಬಲಿಪೂಜೆಯಲ್ಲಿ ಕಾರ್ಡಿನಲ್ ಟೆರೆನ್ಸ್ ಕುಕ್ ಪ್ರವಚನ ನೀಡಿದರು. ಹುಡುಗರನ್ನು ಓಡಿಸಿದ ನ್ಯೂಜೆರ್ಸಿಯ ಮಣ್ಣಿನಲ್ಲಿಯೇ ಅವರ ಸಮಾಧಿಯಾಯಿತು. ಸೇಂಟ್ ಸಿಸಿಲಿಯಾ ಹೈಸ್ಕೂಲು 1986ರಲ್ಲಿ ಮುಚ್ಚಿತು.