ಅಧ್ಯಕ್ಷ ವುಡ್ರೋ ವಿಲ್ಸನ್

ರಾಜ್ಯಶಾಸ್ತ್ರದ ಪಾಠ ಹೇಳಿದವನೇ ರಾಜ್ಯವನ್ನಾಳಿದ ಉದಾಹರಣೆಗಳು ಚರಿತ್ರೆಯಲ್ಲಿ ವಿರಳ. ಅಂಥ ವಿರಳರಲ್ಲಿ ಅಮೆರಿಕದ ವುಡ್ರೋ ವಿಲ್ಸನ್ ಒಬ್ಬನು. 1856ರ ಡಿಸೆಂಬರ್ 28ರಂದು ವರ್ಜೀನಿಯದ ಸ್ಟಾಂಟನ್ ಎಂಬ ಊರಿನಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದ ಈತನು ಪ್ರಿನ್ಸ್‌ಟನ್ನಿನಲ್ಲಿ ಪ್ರಾಧ್ಯಾಪಕನಾಗಿ, 1902ರಲ್ಲಿ ಆ ವಿಶ್ವವಿದ್ಯಾನಿಲಯದ ಮುಖ್ಯಸ್ಥನಾಗಿ, ಬಳಿಕ ನ್ಯೂಜೆರ್ಸಿಯ ಗವರ್ನರನಾಗಿ, 1912ರ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷನಾದನು.

ಆತನನ್ನು ಜನರು ಆರಿಸಿದ್ದು ಒಳನಾಡಿನ ಸುಧಾರಣೆಗಾಗಿ. ತನ್ನ ಕಾಲವೆಲ್ಲ ಪರರಾಷ್ಟ್ರಗಳ ವ್ಯವಹಾರಕ್ಕೇ ಸಂದುಹೋದರೆ ಅದು ವಿಧಿಯ ಅಣಕವಾದೀತೆಂದು ಅಧಿಕಾರ ವಹಿಸುವ ಮೊದಲೇ ಮಿತ್ರರೊಬ್ಬರಿಗೆ ಹೇಳಿದ್ದನಂತೆ. ಮೊದಲೆರಡು ವರ್ಷಗಳ ಕೆಲಸವಂತೂ ಬೆರಗುಗೊಳಿಸುವಂಥದು. ನೂರು ವರ್ಷಗಳಿಗೂ ಮಿಗಿಲಾಗಿ ಬಿಟ್ಟುಹೋಗಿದ್ದ ಪದ್ಧತಿಯನ್ನು ಎತ್ತಿಹಿಡಿದು, ತಾನೇ ಕಾಂಗ್ರೆಸ್ಸಿನೆದುರು ನಿಂತು ಮಾತನಾಡಿದನು. ಆಮದು ಸುಂಕ ಇಳಿಯಿತು. ಆದಾಯ ತೆರಿಗೆ ಬಂದಿತು. 1913ರ ಡಿಸೆಂಬರಿನಲ್ಲಿ ಫೆಡರಲ್ ರಿಸರ್ವ್ ಬ್ಯಾಂಕು ವ್ಯವಸ್ಥೆ ಹುಟ್ಟಿತು. ಅದು ಇಂದಿಗೂ ನಿಂತಿದೆ. ಆದರೆ ಸರ್ಕಾರಿ ಕಚೇರಿಗಳಲ್ಲಿ ಕಪ್ಪುಜನಾಂಗದ ನೌಕರರನ್ನು ಬೇರ್ಪಡಿಸಲು ಈತನೇ ಎಡೆಗೊಟ್ಟನೆಂಬುದನ್ನು ಮರೆಯಲಾಗದು.

1914ರ ಆಗಸ್ಟಿನಲ್ಲಿ ಯೂರೋಪು ಹೊತ್ತಿಕೊಂಡಿತು. ಅದೇ ವಾರ ಹೆಂಡತಿ ಎಲೆನ್ ತೀರಿಕೊಂಡಳು. ಯುದ್ಧದಿಂದ ದೇಶವನ್ನು ದೂರವಿಟ್ಟನೆಂಬ ಹೆಗ್ಗಳಿಕೆಯ ಮೇಲೆ 1916ರಲ್ಲಿ ಮರಳಿ ಗೆದ್ದವನು, 1917ರ ಏಪ್ರಿಲಿನಲ್ಲಿ ತಾನೇ ಯುದ್ಧಕ್ಕೆ ಅನುಮತಿ ಕೇಳಿದನು. ಜರ್ಮನ್ ಜಲಾಂತರ್ಗಾಮಿಗಳು ಬೇರೆ ದಾರಿ ಬಿಟ್ಟಿರಲಿಲ್ಲ.

ಮುಂದಿನದೇ ನಿಜವಾದ ದುರಂತ. 1918ರ ನವೆಂಬರಿನಲ್ಲಿ ಎರಡು ಸಭೆಗಳೂ ರಿಪಬ್ಲಿಕನ್ ಪಕ್ಷದ ಕೈಸೇರಿದವು. ಹೀಗಿದ್ದರೂ ಶಾಂತಿ ಸಮ್ಮೇಳನಕ್ಕೆ ಹೊರಟ ವಿಲ್ಸನ್ ಆ ಪಕ್ಷದ ಪ್ರಮುಖರೊಬ್ಬರನ್ನೂ ಜೊತೆಗೆ ಕರೆದೊಯ್ಯಲಿಲ್ಲ! ನಡುವೆ ಒಮ್ಮೆ ಬಂದುಹೋದುದನ್ನು ಬಿಟ್ಟರೆ ಆರು ತಿಂಗಳು ಪ್ಯಾರಿಸಿನಲ್ಲಿಯೇ ಕಳೆದನು. ಇತ್ತ ಮನೆಯಲ್ಲಿ ಬೆಲೆಗಳು ಏರಿದವು. 1919ರ ಜುಲೈಯಲ್ಲಿ ಶಿಕಾಗೋದಲ್ಲಿ ವರ್ಣಗಲಭೆ, ಸೆಪ್ಟೆಂಬರಿನಲ್ಲಿ ಉಕ್ಕಿನ ಕಾರ್ಮಿಕರ ಮುಷ್ಕರ. ಅಧ್ಯಕ್ಷನ ಮನಸ್ಸೆಲ್ಲ ರಾಷ್ಟ್ರಸಂಘದ ಮೇಲೆ. ಸೆನೆಟ್ಟು ಒಪ್ಪದಿದ್ದಾಗ ಜನರನ್ನೇ ಒಲಿಸಿಕೊಳ್ಳಲು ರೈಲಿನಲ್ಲಿ ದೇಶ ಸುತ್ತಿದನು. ಕೊಲೊರಾಡೊದ ಪ್ಯೂಬ್ಲೋ ನಗರದ ಭಾಷಣದ ನಂತರ ಕುಸಿದನು. ಅಕ್ಟೋಬರ್ 2ರಂದು ಪಾರ್ಶ್ವವಾಯು ಬಡಿಯಿತು.

ಹಾಸಿಗೆ ಹಿಡಿದಾಗಲೂ ಹಟ ಬಿಡಲಿಲ್ಲ. ಕೆಲವು ತಿದ್ದುಪಡಿಗಳಿಗೆ ತಲೆಯಾಡಿಸಿದ್ದರೆ ಒಪ್ಪಂದ ಉಳಿಯುತ್ತಿತ್ತೆಂದು ನನಗೆ ತೋರುತ್ತದೆ. ಸ್ವಪಕ್ಷದವರಿಗೆ ಅವುಗಳನ್ನು ತಿರಸ್ಕರಿಸಿರೆಂದೇ ಹೇಳಿಕಳುಹಿಸಿದನು. 1920ರ ಮಾರ್ಚ್ 19ರಂದು ಏಳು ಮತಗಳ ಕೊರತೆಯಿಂದ ಒಪ್ಪಂದ ಬಿದ್ದುಹೋಯಿತು. ಅಮೆರಿಕ ರಾಷ್ಟ್ರಸಂಘವನ್ನು ಸೇರಲೇ ಇಲ್ಲ. 1921ರಲ್ಲಿ ಅಧಿಕಾರದಿಂದಿಳಿದ ವಿಲ್ಸನ್ 1924ರ ಫೆಬ್ರವರಿ 3ರಂದು ವಾಷಿಂಗ್ಟನ್ನಿನ ತನ್ನ ಮನೆಯಲ್ಲಿ ತೀರಿಕೊಂಡನು.