ಹುಲಿಯ ಪರ ನಿಂತ ಬೇಟೆಗಾರ

ಮಕ್ಕಳೇ, ಬದನಗುಪ್ಪೆಯ ಪೂರ್ವ ದಿಕ್ಕಿಗೆ ಬಿಳಿಗಿರಿರಂಗನ ಬೆಟ್ಟಗಳಿವೆ. ಸುಮಾರು 150 ವರ್ಷಗಳ ಹಿಂದೆ ಅಲ್ಲಿನ ಕಾಡುಗಳನ್ನು ಅಲೆದು ತಿಳಿದವರು ಜಾರ್ಜ್ ಸ್ಯಾಂಡರ್ಸನ್ (1848–1892). ಮೈಸೂರು ಸರ್ಕಾರದಲ್ಲಿ ಕಾಲುವೆಗಳನ್ನು ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಕಾಡಾನೆಗಳ ಹಿಂಡನ್ನೇ ಹಿಡಿದು ಹೆಸರಾದರು. ಹೆಜ್ಜೆಗುರುತು ಹಿಡಿದು ಕಾಡಿನಲ್ಲಿ ದಾರಿ ತೋರಿಸುತ್ತಿದ್ದವರು ಸೋಲಿಗರು.

ಆ ಕಾಲದಲ್ಲಿ ಹುಲಿ ಕೊಂದವರಿಗೆ ಸರ್ಕಾರ ಬಹುಮಾನ ಕೊಡುತ್ತಿತ್ತು. ಸ್ಯಾಂಡರ್ಸನ್ ಕೂಡ ಹುಲಿ ಬೇಟೆಯಾಡಿದವರೇ. ಆದರೂ ಹುಲಿಗಳನ್ನು ನಿರ್ನಾಮ ಮಾಡುವುದು ತಪ್ಪೆಂದು 1878ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಾದಿಸಿದರು. ಏಕೆ ಗೊತ್ತೆ? ಜಿಂಕೆ, ಕಡವೆ, ಕಾಡುಹಂದಿಗಳು ಹೊಲಕ್ಕೆ ನುಗ್ಗಿ ಬೆಳೆ ತಿನ್ನುತ್ತವೆ. ಹುಲಿ ಅವುಗಳನ್ನೇ ತಿಂದು ರೈತನಿಗೆ ನೆರವಾಗುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು.

ಜಿಂಕೆಗಳ ಸಂಖ್ಯೆ ಪ್ರತಿವರ್ಷ ಒಂದೇ ರೀತಿ ಇರುವುದಿಲ್ಲ. ಒಳ್ಳೆಯ ಮಳೆಯಾಗಿ ಹುಲ್ಲು ಚಿಗುರಿದರೆ ಮರಿಗಳು ಹೆಚ್ಚು ಉಳಿಯುತ್ತವೆ. ಬರ, ದನಗಳಿಂದ ಹರಡುವ ರೋಗ, ಮನುಷ್ಯರ ಬೇಟೆ ಇವುಗಳಿಂದ ಸಂಖ್ಯೆ ಇಳಿಯುತ್ತದೆ. ಆದ್ದರಿಂದ ಬೇಟೆಗಾರನಿಗೆ ಜಿಂಕೆ ಸಿಗದಿದ್ದರೆ ಹುಲಿಯೊಂದನ್ನೇ ದೂರುವಂತಿಲ್ಲ. ಜಿಂಕೆಗಳು ತೀರ ಕಡಿಮೆಯಾದರೆ ಹಸಿದ ಹುಲಿ ಹಟ್ಟಿಯ ದನಗಳ ಮೇಲೆ ಬೀಳಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಲಿಯ ಬೇಟೆಯನ್ನು ನಿಷೇಧಿಸಿತು. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸ್ಯಾಂಡರ್ಸನ್ ಬಂದೂಕು ಹಿಡಿದು ಅಲೆದ ಕಾಡಿನಲ್ಲಿ ಈಗ ಹುಲಿಗೆ ಕಾನೂನಿನ ಕಾವಲಿದೆ.

ಯೋಚಿಸಿ: ಕಾಡಿನಲ್ಲಿ ಹುಲಿಯೇ ಇಲ್ಲವಾದರೆ ಹುಲ್ಲು, ಜಿಂಕೆ, ಹೊಲದ ರಾಗಿ ಇವುಗಳಿಗೆ ಏನಾಗಬಹುದು?